ತೀರ್ಪಿಗೆ ಮೊದಲು ವಿಚಾರಣೆ



ನಿಮ್ಮಲ್ಲಿ ಹಲವರು ನನಗೆ ದೂರವಾಣಿ ಮಾಡಿದಾಗ, ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ, ಈಚೀಚೆಗೆ ಒಂದು ಮಾತನ್ನು ಸೇರಿಸುತ್ತೀರಿ: "ಸರ್, ಮನೆಯ ಲ್ಯಾಪ್‌ಟಾಪ್ ಸತ್ತುಹೋಗಿದೆ, ಹೊಸದು ಕೊಳ್ಳಬೇಕು." ನಾನು ಗಣಕತಜ್ಞನಲ್ಲ. ಪ್ರೌಢಶಾಲೆಯಲ್ಲಿ ಭೌತವಿಜ್ಞಾನ ಮತ್ತು ಗಣಿತಗಳನ್ನು ಕಲಿಸಿ ನಿವೃತ್ತನಾದವನು. ಬಿಡುವು ದೊರೆತ ಮೇಲೆ ಹಳೆಯ ಲ್ಯಾಪ್‌ಟಾಪ್‌ಗಳನ್ನು ಬಿಚ್ಚಿ ನೋಡುವ ಹವ್ಯಾಸವನ್ನು ಅಂಟಿಸಿಕೊಂಡವನು. ಆದ್ದರಿಂದ ನಿಮ್ಮ ಮಾತಿಗೆ ನಾನು ಕೊಡುವ ಉತ್ತರ ಎರಡು ಪ್ರಶ್ನೆಗಳು ಮಾತ್ರ. ಸತ್ತಿದೆಯೆಂದು ಹೇಳಿದವರು ಯಾರು? ಅದು ಯಾವ ಹಂತದವರೆಗೆ ಬಂದು ನಿಂತಿತು? ಮೊದಲನೆಯದಕ್ಕೆ ಉತ್ತರ ಸುಲಭವಾಗಿ ಬರುತ್ತದೆ, "ಅಂಗಡಿಯವರು". ಎರಡನೆಯದಕ್ಕೆ ಮೌನ!

ಆ ಮೌನವೇ ಇಂದಿನ ಬರಹದ ವಿಷಯ. ಒಂದು ಯಂತ್ರ ಏಳಲಿಲ್ಲವೆಂದಾಕ್ಷಣ ನಾವು ಎರಡೇ ಶಿಕ್ಷೆಗಳನ್ನು ಬಲ್ಲೆವು. ಒಂದು, "ಫಾರ್ಮ್ಯಾಟ್ ಮಾಡಿ" ಎನ್ನುವುದು. ಇನ್ನೊಂದು, "ಎಸೆದು ಹೊಸದು ತನ್ನಿ" ಎನ್ನುವುದು. ಎರಡೂ ತೀರ್ಪುಗಳೇ. ವಿಚಾರಣೆ ಮಾತ್ರ ನಡೆದಿರುವುದಿಲ್ಲ. ಇದರಿಂದ ಹಣ ಪೋಲಾಗುವುದು ಚಿಕ್ಕ ನಷ್ಟ. ಹಣಕ್ಕೆ ಸಿಗದ ವಸ್ತುಗಳು ನಾಶವಾಗುವುದು ದೊಡ್ಡ ನಷ್ಟ ಎಂಬುದು ನನ್ನ ಅಭಿಪ್ರಾಯ. ಅದನ್ನು ಸ್ವಲ್ಪ ವಿಸ್ತರಿಸಿ ಹೇಳಲು ಅನುಮತಿ ಕೊಡಿ.

ಗಣಕವನ್ನು ಚಾಲೂ ಮಾಡುವುದಕ್ಕೆ ಇಂಗ್ಲಿಷಿನಲ್ಲಿ "ಬೂಟ್" ಎನ್ನುತ್ತಾರಷ್ಟೆ. ಈ ಪದ ಬಂದದ್ದು ಬೂಟಿನ ಹಿಂಬದಿಯ ಪಟ್ಟಿಯನ್ನು ಹೆಸರಿಸುವ "ಬೂಟ್‌ಸ್ಟ್ರಾಪ್" ಎಂಬುದರಿಂದ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನೇ ಮೇಲಕ್ಕೆತ್ತಿಕೊಳ್ಳುವ ಅಸಾಧ್ಯ ಸಾಹಸದ ಕಲ್ಪನೆ ಅದು. ಗಣಕ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ವಿದ್ಯುತ್ ಹರಿದಾಗ ಅದಕ್ಕೆ ಏನೂ ತಿಳಿದಿರುವುದಿಲ್ಲ. ಮದರ್‌ಬೋರ್ಡಿನ ಮೇಲಿನ ಚಿಕ್ಕ ಚಿಪ್ಪಿನಲ್ಲಿ ಬರೆದಿಟ್ಟ ತಂತ್ರಾಂಶವೊಂದು ಮೊದಲು ಎಚ್ಚರಗೊಳ್ಳುತ್ತದೆ. ಹಿಂದೆ ಇದನ್ನು ಬಯೋಸ್ ಎನ್ನುತ್ತಿದ್ದರು. ಈಗಿನ ಯಂತ್ರಗಳಲ್ಲಿ ಇರುವುದು ಅದರ ಉತ್ತರಾಧಿಕಾರಿಯಾದ ಯುಇಎಫ್‌ಐ, ಬಾಯಿಮಾತಿನಲ್ಲಿ ಮಾತ್ರ ಇನ್ನೂ ಬಯೋಸ್. ಅದು ಪ್ರೊಸೆಸರ್, ರ್‍ಯಾಮ್, ಪರದೆ, ಕೀಲಿಮಣೆಗಳು ಇವೆಯೇ ಎಂದು ಹಾಜರಿ ಕರೆಯುತ್ತದೆ. ಹಾಜರಿ ಸರಿಯಿದ್ದರೆ ಡಿಸ್ಕಿನಲ್ಲಿರುವ ಬೂಟ್‌ಲೋಡರ್ ಎಂಬ ಚಿಕ್ಕ ಕ್ರಮವಿಧಿಯನ್ನು ಹುಡುಕಿ ಅದಕ್ಕೆ ಅಧಿಕಾರ ಒಪ್ಪಿಸುತ್ತದೆ. ಬೂಟ್‌ಲೋಡರ್ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು, ಎಂದರೆ ವಿಂಡೋಸ್ ಅಥವಾ ಲಿನಕ್ಸಿನ ಕರ್ನೆಲ್ಲನ್ನು, ರ್‍ಯಾಮಿಗೆ ತರುತ್ತದೆ. ಆ ತಿರುಳು ಮಿಕ್ಕ ಪರಿವಾರವನ್ನು ಎಬ್ಬಿಸುತ್ತದೆ. ಕೊನೆಗೆ ನಿಮ್ಮ ಹೆಸರು, ಗುಪ್ತಪದ ಕೇಳುವ ಪರದೆ ಕಾಣಿಸುತ್ತದೆ.

ಇದೊಂದು ರಿಲೇ ಓಟ. ಐದು ಜನ ಓಟಗಾರರು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೋಲು. ಓಟ ಮುಗಿಯಲಿಲ್ಲವೆಂದರೆ ಕೋಲು ಯಾರ ಕೈಯಲ್ಲಿ ಬಿದ್ದಿತು ಎಂದು ನೋಡಬೇಕೇ ಹೊರತು ಇಡೀ ತಂಡವನ್ನೇ ಶಾಲೆಯಿಂದ ಹೊರಗೆ ಹಾಕುವುದಿಲ್ಲ ಅಲ್ಲವೇ?

ನನ್ನ ಪ್ರಯೋಗಾಲಯದಲ್ಲಿ ಕಲಿತವರಿಗೆ ನೆನಪಿರಬಹುದು. ಮಂಡಲದಲ್ಲಿ ಬಲ್ಬು ಹೊತ್ತಿಕೊಳ್ಳದಿದ್ದರೆ "ಸರ್, ಬಲ್ಬು ಹೋಗಿದೆ" ಎಂದು ಕೂಗುವುದಕ್ಕೆ ಅವಕಾಶವಿರಲಿಲ್ಲ. ಕೋಶದಿಂದ ಹೊರಟು ಸ್ವಿಚ್ಚು, ತಂತಿ, ತಿರುಪು ಎಲ್ಲವನ್ನೂ ಒಂದೊಂದಾಗಿ ನೋಡಿ ಬಲ್ಬಿನವರೆಗೆ ಬರಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬದಲಿಸಿದ್ದನ್ನು ಬರೆದಿಡಬೇಕು. ಈ ಮೂರು ನಿಯಮಗಳ ಮುಂದೆ ಇಪ್ಪತ್ತು ರೂಪಾಯಿಯ ಬಲ್ಬಿಗೂ ಐವತ್ತು ಸಾವಿರದ ಲ್ಯಾಪ್‌ಟಾಪಿಗೂ ಭೇದವಿಲ್ಲ.

ಕೋಲು ಎಲ್ಲಿ ಬಿತ್ತೆಂದು ಯಂತ್ರವೇ ಹೇಳುತ್ತದೆ. ಗುಂಡಿ ಒತ್ತಿದಾಗ ದೀಪವೇ ಹೊತ್ತದಿದ್ದರೆ ಸಂಶಯ ಮೊದಲು ಹೋಗಬೇಕಾದದ್ದು ಚಾರ್ಜರಿನ ಮೇಲೆ, ಗೋಡೆಯ ಸಾಕೆಟ್ಟಿನ ಮೇಲೆ, ಬ್ಯಾಟರಿಯ ಮೇಲೆ. ಚಾರ್ಜರ್ ಕಳಚಿ, ತೆಗೆಯಲು ಬರುವ ಬ್ಯಾಟರಿಯಾದರೆ ಅದನ್ನೂ ತೆಗೆದು, ಚಾಲೂ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಉಳಿದ ವಿದ್ಯುದಾವೇಶ ಬರಿದಾಗಿ ಎಷ್ಟೋ ಯಂತ್ರಗಳು ಮರಳಿ ಏಳುತ್ತವೆ. ದೀಪ ಹೊತ್ತಿ, ಫ್ಯಾನು ತಿರುಗಿ, ಪರದೆ ಮಾತ್ರ ಕಪ್ಪಾಗಿದ್ದರೆ ಅದು ಬೇರೆ ಕಥೆ. ಎಚ್‌ಡಿಎಂಐ ತಂತಿಯಿಂದ ಮನೆಯ ದೂರದರ್ಶನಕ್ಕೆ ಜೋಡಿಸಿದಾಗ ಚಿತ್ರ ಮೂಡಿದರೆ ದೋಷ ಪರದೆಯದು, ಗಣಕದ್ದಲ್ಲ. ಚಿತ್ರ ಮೂಡದೆ "ಬೀಪ್" ಸದ್ದು ಕೇಳಿದರೆ ಅಥವಾ ದೀಪ ಲೆಕ್ಕಬದ್ಧವಾಗಿ ಮಿನುಗಿದರೆ ಅದೂ ಒಂದು ಸಂಕೇತವೇ. ಎಷ್ಟು ಸದ್ದು, ಎಷ್ಟು ಮಿಣುಕು ಎಂಬುದಕ್ಕೆ ತಯಾರಕರ ಕೈಪಿಡಿಯಲ್ಲಿ ಅರ್ಥ ಬರೆದಿರುತ್ತದೆ. ಅನೇಕ ಸಲ ಅದು ರ್‍ಯಾಮ್ ಪಟ್ಟಿ ಸಡಿಲಗೊಂಡದ್ದನ್ನು ಸೂಚಿಸುತ್ತದೆ. ತೆಗೆದು ಒರಸಿ ಮತ್ತೆ ಕೂರಿಸಿದರೆ ಮುಗಿಯಿತು.

ತಯಾರಕರ ಲಾಂಛನ ಮೂಡಿದ ಮೇಲೆ "ಬೂಟ್ ಮಾಡಬಲ್ಲ ಸಾಧನ ಸಿಗಲಿಲ್ಲ" ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಬಂತೆನ್ನಿ. ಆ ವಾಕ್ಯವನ್ನು ಕಂಡು ಗಾಬರಿಯಾಗುವವರೇ ಹೆಚ್ಚು. ನನಗೆ ಅದನ್ನು ಕಂಡರೆ ಸಮಾಧಾನ! ಏಕೆಂದರೆ ಆ ವಾಕ್ಯ ಪರದೆಯ ಮೇಲೆ ಮೂಡಬೇಕಾದರೆ ಪ್ರೊಸೆಸರ್, ರ್‍ಯಾಮ್, ಪರದೆ, ಮದರ್‌ಬೋರ್ಡಿನ ಬಹುಭಾಗ ಎಲ್ಲವೂ ಜೀವಂತವಾಗಿರಲೇಬೇಕು. ಮರೆತು ಚುಚ್ಚಿಟ್ಟ ಪೆನ್‌ಡ್ರೈವ್ ಕಾರಣವಾಗಿರಬಹುದು. ಇಲ್ಲವಾದರೆ ಎಫ್2, ಡಿಲೀಟ್, ಎಫ್10, ಎಸ್ಕೇಪ್ ಇವುಗಳಲ್ಲಿ ಆ ತಯಾರಕರು ಗೊತ್ತುಮಾಡಿದ ಕೀಲಿಯನ್ನು ಒತ್ತಿ ಬಯೋಸ್ ಪರದೆಗೆ ಹೋಗಿ, ಅಲ್ಲಿನ ಪಟ್ಟಿಯಲ್ಲಿ ಡಿಸ್ಕಿನ ಹೆಸರಿದೆಯೇ ಎಂದು ನೋಡಬೇಕು. ಹೆಸರಿದ್ದರೆ ಡಿಸ್ಕು ಉತ್ತರ ಕೊಡುತ್ತಿದೆ, ದೋಷ ಬಹುಪಾಲು ಬರಹದಲ್ಲಿದೆ. ಹೆಸರಿಲ್ಲದಿದ್ದರೆ ಡಿಸ್ಕು ಸಡಿಲವಾಗಿದೆ ಅಥವಾ ಕೆಟ್ಟಿದೆ. ಇನ್ನು ವಿಂಡೋಸಿನ ಚುಕ್ಕಿಗಳು ಸುತ್ತಿ ಸುತ್ತಿ ನೀಲಿ ಪರದೆಗೆ ತಿರುಗಿದರೆ, ನಾಲ್ಕನೆಯ ಓಟಗಾರನವರೆಗೂ ಕೋಲು ತಲಪಿದೆ ಎಂದೇ ಅರ್ಥ. ಅಲ್ಲಿ ಸೇಫ್ ಮೋಡ್, ಸ್ಟಾರ್ಟ್‌ಅಪ್ ರಿಪೇರಿ ಮುಂತಾದ ಸೌಮ್ಯ ಚಿಕಿತ್ಸೆಗಳಿವೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮಗಳು ಪದವಿಯ ಕೊನೆಯ ವರ್ಷದಲ್ಲಿದ್ದಾಗ ಅವಳ ಲ್ಯಾಪ್‌ಟಾಪು ಇದೇ "ಸಾಧನ ಸಿಗಲಿಲ್ಲ" ಎಂಬ ವಾಕ್ಯ ತೋರಿಸಿ ನಿಂತಿತು. ಅಂಗಡಿಯೊಂದರಲ್ಲಿ ಮದರ್‌ಬೋರ್ಡು ಹೋಗಿದೆ ಎಂದರಂತೆ. ಪ್ರಾಜೆಕ್ಟ್ ವರದಿ ಒಪ್ಪಿಸಲು ಒಂದು ವಾರ ಉಳಿದಿತ್ತು. ಸಾಲ ಮಾಡಿ ಹೊಸದು ಕೊಳ್ಳುವ ಯೋಚನೆ ಮನೆಯಲ್ಲಿ ನಡೆದಿತ್ತು. ಯಂತ್ರ ನನ್ನ ಮೇಜಿಗೆ ಬಂದಾಗ ಬಯೋಸ್ ಪರದೆಯ ಮೂಲೆಯಲ್ಲಿದ್ದ ದಿನಾಂಕ ಹಲವು ವರ್ಷ ಹಿಂದಿನದಾಗಿತ್ತು. ಅದೇ ಸುಳಿವು. ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಸಾಮಾನ್ಯವಾಗಿ ಸಿಆರ್2032 ಎಂಬ ಹೆಸರಿನ 3 ವೋಲ್ಟಿನದು. ಯಂತ್ರ ಆರಿದ್ದಾಗಲೂ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಅನೇಕ ಹಳೆಯ ಯಂತ್ರಗಳಲ್ಲಿ ಆಯ್ಕೆಗಳ ನೆನಪೂ ಅದರ ಆಶ್ರಯದಲ್ಲಿರುತ್ತದೆ. ಅದು ಬತ್ತಿದ್ದರಿಂದ ಆಯ್ಕೆಗಳೆಲ್ಲ ಕಾರ್ಖಾನೆಯ ಸ್ಥಿತಿಗೆ ಮರಳಿ, ಚಾಲನೆಯ ವಿಧಾನ ಯುಇಎಫ್‌ಐಯಿಂದ ಹಳೆಯ ಲೆಗಸಿ ವಿಧಾನಕ್ಕೆ ಬದಲಾಗಿತ್ತು. ಡಿಸ್ಕಿನಲ್ಲಿ ಎಲ್ಲವೂ ಇತ್ತು. ಹುಡುಕುವವನು ತಪ್ಪು ಬಾಗಿಲು ತಟ್ಟುತ್ತಿದ್ದ. ಆಯ್ಕೆಯನ್ನು ಸರಿಪಡಿಸಿದೆವು, ಯಂತ್ರ ಎದ್ದಿತು. ಹೊಸ ಬ್ಯಾಟರಿಗೆ ನೂರು ರೂಪಾಯಿಯೂ ಆಗಲಿಲ್ಲ.

ಎಲ್ಲ ಕಥೆಗಳೂ ಹೀಗೆ ಮುಗಿಯುವುದಿಲ್ಲ. ನಮ್ಮ ಬಂಧುಗಳ ಪೈಕಿ ಹಿರಿಯರೊಬ್ಬರು, ತಮ್ಮ ಎಪ್ಪತ್ತರ ನಂತರ ನುಡಿ ತಂತ್ರಾಂಶವನ್ನು ಕಲಿತು, ಒಂದೊಂದೇ ಅಕ್ಷರವನ್ನು ಹುಡುಕಿ ಒತ್ತುತ್ತ, ತಮ್ಮ ಊರಿನ ಕೆರೆ, ಜಾತ್ರೆ, ಕೂಡುಕುಟುಂಬ, ಪ್ಲೇಗಿನ ಕಾಲದಲ್ಲಿ ಊರು ಬಿಟ್ಟ ಹಿರಿಯರ ಕಥೆ ಇವನ್ನೆಲ್ಲ ಬರೆದಿಟ್ಟಿದ್ದರು. ನೂರಕ್ಕೂ ಮಿಕ್ಕಿ ಪುಟಗಳು. ಅವರು ತೀರಿಕೊಂಡ ಮೇಲೆ ಆ ಲ್ಯಾಪ್‌ಟಾಪು ಒಂದು ದಿನ ಏಳಲಿಲ್ಲ. ಮನೆಯವರು ಅಂಗಡಿಯೊಂದಕ್ಕೆ ಕೊಟ್ಟರು. ಸಂಜೆಗೆ ಯಂತ್ರ ಹೊಳೆಹೊಳೆಯುತ್ತ ಮರಳಿ ಬಂತು, ಹೊಸ ವಿಂಡೋಸಿನೊಂದಿಗೆ, ಸಂಪೂರ್ಣ ಖಾಲಿಯಾಗಿ. ಐನೂರು ರೂಪಾಯಿಯ ಕೆಲಸ. ನಾನು ವಿಷಯ ತಿಳಿದು ಹೋಗುವಷ್ಟರಲ್ಲಿ ಅದರ ಮೇಲೆ ತಿಂಗಳುಗಟ್ಟಲೆ ಚಲನಚಿತ್ರಗಳೂ ಆಟಗಳೂ ಬರೆದುಹೋಗಿದ್ದವು. ಮರಳಿ ಪಡೆಯುವ ತಂತ್ರಾಂಶಗಳಿಂದ ಏನೂ ದಕ್ಕಲಿಲ್ಲ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆದರೆ ಆ ಅಂಗಡಿಯ ಹುಡುಗನನ್ನು ನಾನು ಖಳನಾಯಕನನ್ನಾಗಿ ಮಾಡಲಾರೆ. "ಸರಿಮಾಡಿ ಕೊಡಿ" ಎಂದರು, ಅವನು ಸರಿಮಾಡಿ ಕೊಟ್ಟ. ಒಳಗೆ ಏನಿದೆ ಎಂದು ಕೇಳಬೇಕೆಂಬುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಹೇಳಬೇಕೆಂಬುದು ಮನೆಯವರಿಗೂ ತಿಳಿದಿರಲಿಲ್ಲ. ಯಂತ್ರ ಎದ್ದಿತು, ಯಂತ್ರವನ್ನು ಇಟ್ಟುಕೊಂಡದ್ದು ಯಾವುದಕ್ಕಾಗಿಯೋ ಅದು ಹೋಯಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಗಾದೆಯಲ್ಲಿ ಮಾತ್ರ ಎಂದು ತಿಳಿದಿದ್ದೆವು. ಪ್ರತಿ ಫಾರ್ಮ್ಯಾಟಿನಲ್ಲೂ ಅದು ನಡೆಯುತ್ತಿದೆ.

ಆದ್ದರಿಂದ ನನ್ನ ಮೊದಲ ಸೂತ್ರ ಇದು: ಕಡತ ಮೊದಲು, ಯಂತ್ರ ಆಮೇಲೆ. ವಿಂಡೋಸ್ ಏಳದ ಲ್ಯಾಪ್‌ಟಾಪಿನಿಂದಲೂ ಕಡತಗಳನ್ನು ಹೊರತೆಗೆಯಬಹುದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಬೇರೊಂದು ಗಣಕದಲ್ಲಿ 8 ಜಿಬಿಯ ಪೆನ್‌ಡ್ರೈವಿಗೆ ಉಬುಂಟು ಅಥವಾ ಲಿನಕ್ಸ್ ಮಿಂಟನ್ನು ಬರೆದುಕೊಂಡು, ಅದರಿಂದ ಯಂತ್ರವನ್ನು ಎಬ್ಬಿಸಿ, "ಸ್ಥಾಪಿಸದೆ ಬಳಸಿ ನೋಡು" ಎಂಬ ಆಯ್ಕೆಯನ್ನು ಒತ್ತಿದರೆ ಸಾಕು. ಡಿಸ್ಕಿನಲ್ಲಿ ಸ್ಥಾಪನೆಯಾಗದೆ ಲಿನಕ್ಸ್ ಪೆನ್‌ಡ್ರೈವ್ ಮತ್ತು ರ್‍ಯಾಮಿನ ಬಲದಿಂದಲೇ ನಡೆಯುತ್ತದೆ. ವಿಂಡೋಸಿನ ಕಡತಕೋಶಗಳು ಕಾಣಿಸುತ್ತವೆ. ಬೇಕಾದವನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು. ಇದರಲ್ಲಿ ಎರಡು ಎಚ್ಚರಿಕೆಗಳಿವೆ. ತಿರುಗುವ ತಟ್ಟೆಯ ಹಳೆಯ ಹಾರ್ಡ್‌ಡಿಸ್ಕು "ಟಕ್ ಟಕ್" ಎಂದು ಸದ್ದು ಮಾಡುತ್ತಿದ್ದರೆ ಮತ್ತೆ ಮತ್ತೆ ಚಾಲೂ ಮಾಡಬೇಡಿ. ಪ್ರತಿ ಪ್ರಯತ್ನವೂ ಉಳಿದದ್ದನ್ನು ಕೆರೆದುಹಾಕಬಹುದು. ಕಡತ ಅಮೂಲ್ಯವಾದರೆ ದತ್ತಾಂಶ ಮರುಪಡೆಯುವ ಪರಿಣತರ ಬಳಿಗೇ ಹೋಗಬೇಕು.

ಎರಡನೆಯ ಎಚ್ಚರಿಕೆ ಬಿಟ್‌ಲಾಕರ್ ಎಂಬ ಬೀಗದ್ದು. ಕಳ್ಳರ ಕೈಗೆ ಸಿಕ್ಕರೂ ಓದಲಾಗದಂತೆ ವಿಂಡೋಸ್ ಇಡೀ ಡಿಸ್ಕನ್ನು ಗೂಢಲಿಪಿಗೆ ತಿರುಗಿಸುವ ವ್ಯವಸ್ಥೆ ಅದು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ, ಬಹುತೇಕ ಯಂತ್ರಗಳಲ್ಲಿ ಇದು ನಾವು ಕೇಳದೆಯೇ ಜಾರಿಗೆ ಬರುತ್ತದೆ. ಒಳ್ಳೆಯ ರಕ್ಷಣೆಯೇ ಸರಿ. ಆದರೆ ಯಂತ್ರ ಏಳದ ದಿನ ಅದು 48 ಅಂಕಿಗಳ ಕೀಲಿಯನ್ನು ಕೇಳುತ್ತದೆ. ಆ ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಖಾತೆ ಯಾರ ಹೆಸರಿನಲ್ಲಿದೆ, ಗುಪ್ತಪದ ಯಾವುದು ಎಂಬುದೇ ಮರೆತಿದ್ದರೆ ಲಿನಕ್ಸಿನಿಂದಲೂ ಪ್ರಯೋಜನವಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡುವುದಕ್ಕಿಂತ, ಯಂತ್ರ ಚೆನ್ನಾಗಿರುವಾಗಲೇ ಆ ಕೀಲಿಯನ್ನು ಒಂದು ಹಾಳೆಯಲ್ಲಿ ಬರೆದು ಮನೆಪತ್ರಗಳ ಜೊತೆ ಇಡುವುದು ಲೇಸು.

ಇನ್ನು ಹೊಸ ಕಾರ್ಯಾಚರಣ ವ್ಯವಸ್ಥೆ ಸ್ಥಾಪನೆಯಾಗದ ತೊಂದರೆ. ಇಲ್ಲಿಯೂ "ಡಿಸ್ಕ್ ಹೋಗಿದೆ" ಎಂಬ ತೀರ್ಪು ಅವಸರದಲ್ಲಿ ಬೀಳುತ್ತದೆ. 2020ರಲ್ಲಿ ಬಂದ ಇಂಟೆಲ್ 11ನೇ ಪೀಳಿಗೆ ಮತ್ತು ಆನಂತರದ ಅನೇಕ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಸ್ಥಾಪಕ ಡಿಸ್ಕನ್ನೇ ತೋರಿಸುವುದಿಲ್ಲ. ಡಿಸ್ಕು ಆರೋಗ್ಯವಾಗಿಯೇ ಇರುತ್ತದೆ. ಅದು ವಿಎಂಡಿ ಎಂಬ ಇಂಟೆಲ್‌ನ ನಿಯಂತ್ರಕದ ಹಿಂದೆ ಕುಳಿತಿರುತ್ತದೆ, ಆ ನಿಯಂತ್ರಕದೊಡನೆ ಮಾತನಾಡುವ ಡ್ರೈವರ್ ಸ್ಥಾಪಕದಲ್ಲಿ ಇರುವುದಿಲ್ಲ, ಅಷ್ಟೆ. ತಯಾರಕರ ಜಾಲತಾಣದಿಂದ ಆ ಡ್ರೈವರನ್ನು ಪೆನ್‌ಡ್ರೈವಿಗೆ ಹಾಕಿ "ಲೋಡ್ ಡ್ರೈವರ್" ಎಂದು ತೋರಿಸಿದರೆ ಡಿಸ್ಕು ಪ್ರತ್ಯಕ್ಷವಾಗುತ್ತದೆ. ಕೆಲವರು ಬಯೋಸಿನಲ್ಲಿ ವಿಎಂಡಿಯನ್ನೇ ಆರಿಸಿಬಿಡುತ್ತಾರೆ. ಎಲ್ಲ ಅಳಿಸಿ ಹೊಸದಾಗಿ ತೊಡಗುವವರಿಗೆ ಅದು ಸರಿ. ಹಳೆಯ ವಿಂಡೋಸನ್ನು ಉಳಿಸಿಕೊಳ್ಳಬೇಕಾದವರು ಮುಟ್ಟಬಾರದು, ಇದ್ದದ್ದೂ ಏಳದೆ ಹೋದೀತು.

"ಈ ಡಿಸ್ಕಿನ ಮೇಲೆ ಸ್ಥಾಪಿಸಲಾಗದು, ಇದು ಜಿಪಿಟಿ ಶೈಲಿಯದು" ಅಥವಾ "ಎಂಬಿಆರ್ ಶೈಲಿಯದು" ಎಂದು ಸ್ಥಾಪಕ ಹಟ ಹಿಡಿಯುವುದೂ ಉಂಟು. ಜಿಪಿಟಿ, ಎಂಬಿಆರ್ ಎಂಬುವು ಡಿಸ್ಕಿನ ಭಾಗಪತ್ರಗಳನ್ನು ಬರೆಯುವ ಎರಡು ಪದ್ಧತಿಗಳು. ಹಳೆಯ ಎಂಬಿಆರ್ 1983ರಷ್ಟು ಹಿಂದಿನದು, ಸಾಮಾನ್ಯವಾಗಿ 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ಅಳೆಯಲಾರದು. ಯುಇಎಫ್‌ಐ ವಿಧಾನದಲ್ಲಿ ಎದ್ದ ವಿಂಡೋಸ್ ಸ್ಥಾಪಕ ಜಿಪಿಟಿಯನ್ನು, ಲೆಗಸಿ ವಿಧಾನದಲ್ಲಿ ಎದ್ದದ್ದು ಎಂಬಿಆರನ್ನು ಬಯಸುತ್ತದೆ. ಪೆನ್‌ಡ್ರೈವನ್ನು ಸರಿಯಾದ ವಿಧಾನದಲ್ಲಿ ಎಬ್ಬಿಸಿದರೆ ಜಗಳವಿಲ್ಲ. ಪೆನ್‌ಡ್ರೈವಿನಲ್ಲೇ ದೋಷವಿರುವುದೂ ಸಾಮಾನ್ಯ. ಎಫ್ಎಟಿ32 ಮಾದರಿಯ ಪೆನ್‌ಡ್ರೈವು 4 ಜಿಬಿಗಿಂತ ದೊಡ್ಡ ಒಂಟಿ ಕಡತವನ್ನು ಹಿಡಿಯಲಾರದು. ವಿಂಡೋಸ್ ಸ್ಥಾಪಕದ ಮುಖ್ಯ ಕಡತ ಎಷ್ಟೋ ವೇಳೆ ಅದಕ್ಕಿಂತ ದೊಡ್ಡದು. ಸುಮ್ಮನೆ ಎಳೆದು ನಕಲು ಮಾಡುವ ಬದಲು ಮೈಕ್ರೋಸಾಫ್ಟಿನದೇ ಸಾಧನವನ್ನೋ ರೂಫಸ್ ಎಂಬ ಉಚಿತ ತಂತ್ರಾಂಶವನ್ನೋ ಬಳಸಬೇಕು. ಸ್ಥಾಪನೆ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತಿದ್ದರೆ ಮೆಮ್‌ಟೆಸ್ಟ್86ರಂಥ ತಂತ್ರಾಂಶದಿಂದ ಒಂದು ರಾತ್ರಿ ರ್‍ಯಾಮನ್ನು ಪರೀಕ್ಷಿಸಬೇಕು. ಇಷ್ಟು ನೋಡದೆ ಡಿಸ್ಕನ್ನು ದೂರುವುದು, ಪ್ರಶ್ನೆಪತ್ರಿಕೆ ಅದಲುಬದಲಾದದ್ದಕ್ಕೆ ವಿದ್ಯಾರ್ಥಿಯನ್ನು ನಪಾಸು ಮಾಡಿದಂತೆ!

ಜಗತ್ತಿನ ದೊಡ್ಡ ಸಂಸ್ಥೆಗಳಿಗೂ ಈ ಪಾಠ ತಪ್ಪಿದ್ದಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಹೊರಡಿಸಿದ ದೋಷಯುಕ್ತ ನವೀಕರಣದಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸುಗಳನ್ನು ಕೊಟ್ಟದ್ದನ್ನು ನೀವು ಪತ್ರಿಕೆಗಳಲ್ಲಿ ನೋಡಿರುತ್ತೀರಿ. ಆ 85 ಲಕ್ಷ ಯಂತ್ರಗಳನ್ನು ಯಾರೂ ಎಸೆಯಲಿಲ್ಲ. ಸೇಫ್ ಮೋಡಿನಲ್ಲಿ ಎಬ್ಬಿಸಿ, ಒಂದು ನಿರ್ದಿಷ್ಟ ಕಡತವನ್ನು ಅಳಿಸುವುದೇ ಮುಖ್ಯ ಪರಿಹಾರವಾಗಿತ್ತು. ಬಿಟ್‌ಲಾಕರ್ ಇದ್ದ ಕಡೆ ಕೀಲಿಗಾಗಿ ಪರದಾಟವೂ ಆಯಿತು. ಅಂದು ಯಂತ್ರಗಳು ಸತ್ತಿರಲಿಲ್ಲ. ನಾಲ್ಕನೆಯ ಓಟಗಾರ ಎಡವಿದ್ದ. ವಿಮಾನ ಸಂಸ್ಥೆಯ ಗಣಕಕ್ಕೆ ಸಲ್ಲುವ ಈ ವಿಚಾರಣೆ ನಮ್ಮ ಮನೆಯ ಗಣಕಕ್ಕೆ ಏಕೆ ಸಲ್ಲಬಾರದು?

ಎಡವದ ಯಂತ್ರಕ್ಕೂ ಮರಣದಂಡನೆ ಬರುತ್ತಿರುವುದು ಇನ್ನೊಂದು ವಿಚಿತ್ರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು. ಇಂಟೆಲ್ 8ನೇ ಪೀಳಿಗೆಗಿಂತ ಹಳೆಯ ಪ್ರೊಸೆಸರುಗಳಲ್ಲಿ ಬಹುಪಾಲು ಅದರ ಒಪ್ಪಿಗೆಯ ಪಟ್ಟಿಯಲ್ಲಿಲ್ಲ. "ಈ ಗಣಕ ವಿಂಡೋಸ್ 11ಕ್ಕೆ ಅರ್ಹವಲ್ಲ" ಎಂಬ ಸಂದೇಶ ಕಂಡು, ಕೀಲಿಮಣೆ ಪರದೆಗಳೆಲ್ಲ ಗಟ್ಟಿಯಾಗಿರುವ 2016ರ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವವರಿದ್ದಾರೆ. ಭದ್ರತಾ ಪರಿಷ್ಕರಣೆಗಳಿಲ್ಲದ ವಿಂಡೋಸಿನಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ತರವಲ್ಲ, ಒಪ್ಪುತ್ತೇನೆ. ಆದರೆ ಆ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿದರೆ ಪರಿಷ್ಕರಣೆಗಳು ಉಚಿತವಾಗಿ ದೊರೆಯುತ್ತವೆ. ತಿರುಗುವ ಡಿಸ್ಕಿನ ಬದಲು ಎಸ್ಎಸ್‌ಡಿ ಕೂರಿಸಿದರೆ ವೇಗ ಕಂಡು ನೀವೇ ಬೆರಗಾಗುತ್ತೀರಿ. ಕನ್ನಡ ಬರೆಯುವುದಕ್ಕೂ ತೊಡಕಿಲ್ಲ. ನಿಮ್ಮ ಬೆರಳಿಗೆ ರೂಢಿಯಾದ ಕಗಪ ಕೀಲಿವಿನ್ಯಾಸ ಲಿನಕ್ಸಿನಲ್ಲಿ ಯುನಿಕೋಡಿನೊಂದಿಗೇ ಸಿಗುತ್ತದೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಎಷ್ಟೋ ವರ್ಷಗಳಿಂದ ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶದಲ್ಲೇ ಕಲಿಯುತ್ತಿದ್ದಾರೆ. ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ನೇ ಒಂದೇ ವರ್ಷದಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯವನ್ನು ಉತ್ಪಾದಿಸಿತು. ಅದರಲ್ಲಿ ಕ್ರಮವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇಕಡ 22.3 ಮಾತ್ರ. ಆ ರಾಶಿಯ ಮೇಲೆ, ಇನ್ನೂ ಉಸಿರಾಡುತ್ತಿರುವ ಯಂತ್ರವನ್ನು ಹೇರುವುದು ನನಗೆ ಪಾಪವೆನಿಸುತ್ತದೆ.

ನಿಮ್ಮ ಆಕ್ಷೇಪಣೆಗಳನ್ನು ನಾನು ಊಹಿಸಬಲ್ಲೆ. "ಸರ್, ನಿಮಗೆ ನಿವೃತ್ತಿಯ ಬಿಡುವಿದೆ. ನಮಗೆ ಒಂದು ದಿನದ ಕೆಲಸ ತಪ್ಪಿದರೆ ಆಗುವ ನಷ್ಟ ದೊಡ್ಡದು." ನಿಜವೇ. ಪ್ರತಿಯೊಬ್ಬರೂ ತಿರುಪುಳಿ ಹಿಡಿದು ಕೂರಬೇಕೆಂದು ನಾನು ಹೇಳುತ್ತಿಲ್ಲ. ಉಬ್ಬಿದ ಬ್ಯಾಟರಿಯನ್ನಂತೂ ಮನೆಯಲ್ಲಿ ಮುಟ್ಟಲೇಬಾರದು, ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಈಚಿನ ತೆಳು ಲ್ಯಾಪ್‌ಟಾಪುಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುವುದರಿಂದ ಅದೊಂದು ಕೆಟ್ಟರೂ ಬೋರ್ಡನ್ನೇ ಬದಲಿಸಬೇಕಾಗುವ ಪ್ರಸಂಗಗಳಿವೆ. ಮದರ್‌ಬೋರ್ಡು ನಿಜವಾಗಿಯೇ ಸುಟ್ಟಿರುವುದೂ ಉಂಟು. ರಿಪೇರಿಯ ಖರ್ಚು ಹೊಸದರ ಅರ್ಧಕ್ಕಿಂತ ಮೇಲೇರಿದರೆ ವಿದಾಯ ಹೇಳುವುದೇ ಜಾಣತನ. ನನ್ನ ವಾದ ವಿದಾಯದ ವಿರುದ್ಧವಲ್ಲ. ನಾಡಿ ಹಿಡಿಯದೆ ಚಟ್ಟ ಕಟ್ಟುವುದರ ವಿರುದ್ಧ. ಯಾವ ಹಂತದಲ್ಲಿ ನಿಂತಿತು ಎಂದು ಗಮನಿಸುವುದಕ್ಕೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಕೊಟ್ಟವನಿಗೆ ಅಂಗಡಿಯವರು ಹೇಳಿದ್ದು ಸರಿಯೋ ಅಲ್ಲವೋ ಎಂದು ತೂಗುವ ಶಕ್ತಿ ಬರುತ್ತದೆ.

ಈ ಶಕ್ತಿ ಶಾಲೆಯಿಂದ ಬರಬೇಕಿತ್ತು. ಗಣಕದ ಪೀಳಿಗೆಗಳೆಷ್ಟು, ಸಿಪಿಯು ಎಂಬುದರ ವಿಸ್ತೃತ ರೂಪವೇನು ಎಂದು ಬಾಯಿಪಾಠ ಒಪ್ಪಿಸುವ ಮಕ್ಕಳನ್ನು ನಾನು ಬಹಳ ಕಂಡಿದ್ದೇನೆ. ಅದೇ ಮಕ್ಕಳು ಏಳದ ಗಣಕದ ಮುಂದೆ ಕೈಕಟ್ಟಿ ನಿಲ್ಲುತ್ತಾರೆ. ಶಾಲೆಯ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೆಯ ಗಣಕವೊಂದನ್ನು ಮೇಜಿನ ಮೇಲಿಟ್ಟು, ಶಿಕ್ಷಕರೇ ರ್‍ಯಾಮನ್ನು ಸಡಿಲಿಸಿ, "ಇದು ಏಳುತ್ತಿಲ್ಲ, ಕಾರಣ ಹುಡುಕಿ, ಹುಡುಕಿದ ಕ್ರಮವನ್ನು ಬರೆಯಿರಿ" ಎಂದು ವರ್ಷಕ್ಕೊಂದು ದಿನ ಬಿಟ್ಟರೆ ಸಾಕು. ಉತ್ತರಕ್ಕೆ ಎರಡು ಅಂಕ, ಕ್ರಮಕ್ಕೆ ಎಂಟು ಅಂಕ. ಹಾಗೆ ಕಲಿತ ಮಗು ಮುಂದೆ ಯಂತ್ರವನ್ನಷ್ಟೇ ಅಲ್ಲ, ಜ್ವರ ಬಂದ ಮಗುವನ್ನೂ ನೆರೆಮನೆಯವರ ಮೇಲಿನ ಅಪವಾದವನ್ನೂ ವಿಚಾರಿಸಿಯೇ ತೀರ್ಮಾನಿಸೀತೆಂದು ನನ್ನ ನಂಬಿಕೆ. ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ, ಇಬ್ಬರು ಮೂವರು ಮುಖ್ಯೋಪಾಧ್ಯಾಯರೂ ಆಗಿದ್ದೀರಿ, ದಯವಿಟ್ಟು ಯೋಚಿಸಿ.

ಅಂಗಡಿ ಇಟ್ಟಿರುವ ನನ್ನ ವಿದ್ಯಾರ್ಥಿಗಳಿಗೂ ಒಂದು ವಿನಂತಿ. ರಸೀತಿಯಲ್ಲಿ ಒಂದೇ ಒಂದು ಸಾಲು ಅಚ್ಚು ಹಾಕಿಸಿ: "ಒಳಗಿನ ಕಡತಗಳು ಬೇಕೇ? ಹೌದು / ಇಲ್ಲ." ಗಿರಾಕಿಯ ಸಹಿ ಪಡೆಯದೆ ಫಾರ್ಮ್ಯಾಟ್ ಗುಂಡಿಯನ್ನು ಒತ್ತಬೇಡಿ. ಇದಕ್ಕೆ ನಿಮಗಾಗುವ ಖರ್ಚು ಶೂನ್ಯ, ದೊರೆಯುವ ವಿಶ್ವಾಸಕ್ಕೆ ಬೆಲೆ ಕಟ್ಟಲಾಗದು.

ಉಳಿದವರೆಲ್ಲರಿಗೂ ಈ ವಾರದ ಮನೆಪಾಠ ಹೀಗಿದೆ. ತಂದೆ, ತಾಯಿ, ಅಜ್ಜಂದಿರು ನುಡಿಯಲ್ಲೋ ಬರಹದಲ್ಲೋ ಬರೆದಿಟ್ಟ ಹಳೆಯ ಕಡತಗಳು, ಮದುವೆಯ ಚಿತ್ರಗಳು ಮನೆಯ ಯಾವ ಯಂತ್ರದಲ್ಲಿವೆ ಎಂದು ಹುಡುಕಿ, ಬೇರೊಂದು ಡಿಸ್ಕಿಗೆ ನಕಲು ಮಾಡಿ. ನುಡಿಯ ಹಳೆಯ ಕಡತಗಳು ಅದರದೇ ಅಕ್ಷರಶೈಲಿಯಿಲ್ಲದೆ ತೆರೆದರೆ ಗೀಚಿದಂತೆ ಕಾಣುತ್ತವೆ. ಕಸವೆಂದು ಅಳಿಸಬೇಡಿ, ಯುನಿಕೋಡಿಗೆ ಪರಿವರ್ತಿಸಿಕೊಳ್ಳಿ. ಬಿಟ್‌ಲಾಕರ್ ಕೀಲಿಯನ್ನು ಕಾಗದದ ಮೇಲೆ ಬರೆದಿಡಿ. ಇನ್ನು ಮುಂದೆ ಯಂತ್ರ ಏಳದ ದಿನ ನನಗೆ ದೂರವಾಣಿ ಮಾಡುವುದಾದರೆ "ಸತ್ತಿದೆ" ಎನ್ನಬೇಡಿ. "ಲಾಂಛನದವರೆಗೆ ಬಂದು ನಿಂತಿದೆ, ಪರದೆಯ ಮೇಲೆ ಇಂಥ ಸಾಲು ಇದೆ" ಎನ್ನಿ. ಉಳಿದದ್ದನ್ನು ಜೊತೆಗೂಡಿ ನೋಡೋಣ.

ಎಲ್ಲರಿಗೂ ಶುಭವಾಗಲಿ.

ನಿಮ್ಮ ಮೇಷ್ಟ್ರು